ಹೆಂಡತಿ ನ್ಯೂಯಾರ್ಕ್‌ನಲ್ಲಿ, ಗಂಡ-ಮಗಳು ಬೈಲಕುಪ್ಪೆಯಲ್ಲಿ: ದಾರಿ ಗೊತ್ತಿದ್ದವರು ಹೇಳಿ

ರವಿ_ಕೊಪ್ಪಗೇಟ್
ನಮಸ್ಕಾರ ಎಲ್ರಿಗೂ. ಇದು ನನ್ನ ವಿಷಯ ಅಲ್ಲ, ಸ್ನೇಹಿತನದು. ಹೆಸರು ಟೆನ್ಜಿನ್ ಅಂತಿಟ್ಕೊಳ್ಳಿ. ಹೆಂಗೂ ಇಲ್ಲಿನ ಟಿಬೆಟಿಯನ್ ಕ್ಯಾಂಪಲ್ಲಿ ಅರ್ಧ ಜನ ಟೆನ್ಜಿನ್‌ಗಳೇ, ಯಾರು ಅಂತ ಗೊತ್ತಾಗಲ್ಲ. ಹುಟ್ಟಿದ್ದು 1989ರಲ್ಲಿ, ಬೈಲಕುಪ್ಪೇಲೇ. ಕುಶಾಲನಗರದಲ್ಲಿ ನಾವಿಬ್ರೂ ಒಟ್ಟಿಗೆ ಪಿಯುಸಿ ಓದಿದ್ದು. ಕನ್ನಡ ನನಗಿಂತ ಚೆನ್ನಾಗಿ ಬರೀತಾನೆ. ಚಳಿಗಾಲ ಬಂದ್ರೆ ಹುಬ್ಬಳ್ಳಿ, ದಾವಣಗೆರೆ ಕಡೆ ಸ್ವೆಟರ್ ವ್ಯಾಪಾರ, ಉಳಿದ ದಿನ ಜೋಳದ ಹೊಲ.

ಅವನ ಹೆಂಡತಿ ಹುಟ್ಟಿದ್ದು ಟಿಬೆಟ್‌ನಲ್ಲೇ. ಚಿಕ್ಕ ಹುಡುಗಿಯಾಗಿದ್ದಾಗ ಅಪ್ಪ-ಅಮ್ಮ ದಾರಿ ತೋರಿಸೋರಿಗೆ ದುಡ್ಡು ಕೊಟ್ಟು ಹಿಮದ ಬೆಟ್ಟ ದಾಟಿಸಿ ನೇಪಾಳಕ್ಕೆ ಕಳಿಸಿದ್ರಂತೆ. ಅಲ್ಲಿಂದ ಇಲ್ಲಿ ಹಾಸ್ಟೆಲ್ ಶಾಲೆ. ಆಮೇಲೆ ಅಪ್ಪ-ಅಮ್ಮನ ಮುಖ ನೋಡಿಲ್ಲ ಅವರು. ಕೆಲವು ವರ್ಷದ ಹಿಂದೆ ಅಮೆರಿಕಕ್ಕೆ ಹೋಗಿ ಅಲ್ಲಿ ಆಶ್ರಯ ಕೇಳಿದ್ರು. ಹೋದ ವರ್ಷ ಸಿಕ್ಕಿದೆ. ವಯಸ್ಸಾದವರನ್ನ ನೋಡ್ಕೊಳ್ಳೋ ಕೆಲಸ. ಮಗಳಿಗೆ ಈಗ ಒಂಬತ್ತು ವರ್ಷ, ಇಲ್ಲೇ ಇದಾಳೆ.

ತಮಾಷೆ ಅಂದ್ರೆ ಇವನ ಅಣ್ಣ 1985ರವನು, ಅವನಿಗೆ ಭಾರತದ ಪಾಸ್‌ಪೋರ್ಟ್ ಬಂತು. ಒಂದೇ ಮನೆ, ಒಂದೇ ತಾಯಿ, ಇವನಿಗೆ ಇಲ್ಲ. ಯಾರೋ ಏಜೆಂಟ್ ಒಬ್ಬ "ಮೊದಲು ಪಾಸ್‌ಪೋರ್ಟ್ ಮಾಡಿಸೋಣ, ಆಮೇಲೆ ಅಮೆರಿಕ" ಅಂತ ದುಡ್ಡು ಕೇಳ್ತಿದಾನೆ. ಕೊಡಬೇಕಾ? ಹೆಂಡತಿ ಹತ್ರ ಹೋಗೋಕೆ ಯಾವ ಕಾಗದ ಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ತರ್ಲೆ_ತಿಮ್ಮ
ಮೊದಲು ಆ ಏಜೆಂಟ್ ನಂಬರ್ ಬ್ಲಾಕ್ ಮಾಡು ಗುರು. ಉಳಿದಿದ್ದು ಆಮೇಲೆ.

ವಕೀಲೆ_ಮೈಸೂರು
ತಿಮ್ಮ ಅವರ ಮಾತಿಗೆ ನನ್ನದೂ ಸಹಿ. ದುಡ್ಡು ಕೊಡಬೇಡಿ.

1985 ಮತ್ತು 1989ರ ವ್ಯತ್ಯಾಸ ಏನು ಅಂದರೆ: ನಮ್ಮ ಪೌರತ್ವ ಕಾಯ್ದೆ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಅಪ್ಪ-ಅಮ್ಮ ಯಾರು ಅಂತ ಕೇಳುವ ಹಾಗಿಲ್ಲ. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತೆ ಅಂತ 2010ರ ಡಿಸೆಂಬರಿನಲ್ಲಿ ನಮ್‌ಗ್ಯಾಲ್ ಡೋಲ್ಕರ್ ಅವರ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಅದನ್ನೇ ಹೇಳಿತು. ಆದರೂ ಅರ್ಜಿಗಳು ವಾಪಸ್ ಬರ್ತಾನೇ ಇದ್ದವು. 2016ರಲ್ಲಿ ದೆಹಲಿಯಲ್ಲಿ ಮತ್ತೊಂದು ತೀರ್ಪು ಬಂದ ಮೇಲೆ, 2017ರಲ್ಲಿ ವಿದೇಶಾಂಗ ಇಲಾಖೆ ಪಾಸ್‌ಪೋರ್ಟ್ ಕೊಡಿ ಅಂತ ಸೂಚನೆ ಹೊರಡಿಸಿತು. ಅಣ್ಣನಿಗೆ ಸಿಕ್ಕಿದ್ದು ಹೀಗೆ.

1987ರ ಜುಲೈ 1ರಿಂದ 2004ರ ಡಿಸೆಂಬರ್ 3ರ ಒಳಗೆ ಹುಟ್ಟಿದವರಾದರೆ ಅಪ್ಪ-ಅಮ್ಮನಲ್ಲಿ ಒಬ್ಬರು ಭಾರತದ ಪ್ರಜೆ ಆಗಿರಬೇಕು. ಹಾಗಾಗಿ ರವಿಯವರೇ, ನಿಮ್ಮ ಸ್ನೇಹಿತರ ತಂದೆ-ತಾಯಿ ಎಲ್ಲಿ ಹುಟ್ಟಿದ್ದು? ಒಬ್ಬರಾದರೂ ಇಲ್ಲಿ ಹುಟ್ಟಿದ್ದರೆ ಕಥೆಯೇ ಬೇರೆ.

ರವಿ_ಕೊಪ್ಪಗೇಟ್
ಇಬ್ರೂ ಟಿಬೆಟ್‌ನಲ್ಲಿ ಹುಟ್ಟಿದವರು ಮೇಡಂ. ಅಪ್ಪ 60ರ ದಶಕದ ಶುರುವಿನಲ್ಲಿ ಬಂದು ಕಾಡು ಕಡಿದವರ ಗುಂಪಲ್ಲಿದ್ರು. ಈಗಿಲ್ಲ. ಅಮ್ಮ ಇದಾರೆ.

ವಕೀಲೆ_ಮೈಸೂರು
ಹಾಗಿದ್ದರೆ ಹುಟ್ಟಿನ ಆಧಾರದಲ್ಲಿ ಆಗಲ್ಲ.

ಜಿಮ್_ಬಾಯ್_ಹಾಸನ
ಭಾರತದಲ್ಲಿ 12 ವರ್ಷ ಇದ್ರೆ ಪೌರತ್ವ ಕೊಡ್ತಾರಲ್ವಾ? ಇವನು ಹುಟ್ಟಿದಾಗಿಂದ ಇಲ್ಲೇ ಇದಾನೆ.

ವಕೀಲೆ_ಮೈಸೂರು
ಅದು ಅರ್ಜಿ ಹಾಕಿ ಕೇಳೋ ಪೌರತ್ವ. ಹಕ್ಕಲ್ಲ, ಕೇಂದ್ರ ಕೊಟ್ಟರುಂಟು. ಅದನ್ನು ನಂಬಿಕೊಂಡು ಅಮೆರಿಕದ ಅರ್ಜಿ ತಡ ಮಾಡಬೇಡಿ.

ಶಿವು_ಪಿರಿಯಾಪಟ್ಟಣ
ಬೇಜಾರು ಮಾಡ್ಕೋಬೇಡಿ, ನೇರ ಮಾತು ಹೇಳ್ತೀನಿ. ನಮ್ಮೂರಲ್ಲಿ ಹೊಗೆಸೊಪ್ಪು ಬೆಳೆದು ಸಾಲದಲ್ಲಿರೋ ರೈತನಿಗೆ ಅರ್ಧ ಎಕರೆ ಜಾಸ್ತಿ ಸಿಗಲ್ಲ. ಅವರಿಗೆ ಸರ್ಕಾರ ಸಾವಿರಾರು ಎಕರೆ ಕೊಡ್ತು, ವಿದೇಶದಿಂದ ಡಾಲರ್ ಬರುತ್ತೆ, ಮನೆಗಳು ನೋಡಿ ಹೆಂಗಿವೆ. ಈಗ ಅಮೆರಿಕಕ್ಕೆ ಹೋಗೋಕೂ ನಾವೇ ದಾರಿ ಹುಡುಕಿಕೊಡಬೇಕಾ?

ರವಿ_ಕೊಪ್ಪಗೇಟ್
ಶಿವು, ನೀನು ಕೊಡಬೇಡ ಬಿಡಪ್ಪ. ಗೊತ್ತಿದ್ದವರನ್ನ ಕೇಳಿದ್ದು ನಾನು.

ಡೋಲ್ಮಾ_ಬೈಲಕುಪ್ಪೆ
ಶಿವು ಅಣ್ಣ, ಜಮೀನಿನ ಬಗ್ಗೆ ಒಂದು ಮಾತು. ಆಗಿನ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕೊಟ್ಟಿತು, ಅದನ್ನು ನಾವು ಯಾರೂ ಮರೆತಿಲ್ಲ. ಆದರೆ ಅದು ನಮ್ಮ ಹೆಸರಿನಲ್ಲಿಲ್ಲ, ಗುತ್ತಿಗೆ. ನನ್ನ ಅಜ್ಜಿ, ನಾವು ಮೋಮೊ-ಲಾ ಅಂತೀವಿ, ಇಲ್ಲಿಗೆ ಬಂದಾಗ ಪೂರ್ತಿ ಕಾಡು, ಆನೆ ಕಾಟ. ಬಿದಿರಿನ ಗುಡಿಸಲಲ್ಲಿ ತಗಡು ಬಡಿದು ಆನೆ ಓಡಿಸ್ತಿದ್ದರಂತೆ. ನಾನು ಹೊಲ ಮಾರೋ ಹಾಗಿಲ್ಲ, ಅದರ ಮೇಲೆ ಸಾಲ ಸಿಗಲ್ಲ. ಡಾಲರ್ ಬರೋದು ನಿಜ. ಯಾಕೆ ಬರುತ್ತೆ ಅಂದರೆ ಮನೆಯಲ್ಲಿ ಇರಬೇಕಾದವರು ಅಲ್ಲಿದಾರೆ. ನಮ್ಮ ಬೀದಿಯಲ್ಲಿ ಎಷ್ಟೋ ಮನೆಯಲ್ಲಿ ಅಜ್ಜ-ಅಜ್ಜಿ ಬಿಟ್ಟರೆ ಯಾರೂ ಇಲ್ಲ. ಹೊಲ ಮಾಡೋರು ಸುತ್ತಮುತ್ತಲ ಹಳ್ಳಿಯ ನಿಮ್ಮವರೇ.

ಟೆನ್ಜಿನ್ ಅಣ್ಣನ ಅಣ್ಣನ ಬಗ್ಗೆ: ಅವರು ಈಗ ಕ್ಯಾಂಪ್ ಒಳಗೆ ಇದಾರಾ?

ರವಿ_ಕೊಪ್ಪಗೇಟ್
ಇಲ್ಲ. ಪಾಸ್‌ಪೋರ್ಟ್ ಮಾಡಿಸಿದ ಮೇಲೆ ಕುಶಾಲನಗರದಲ್ಲಿ ಬಾಡಿಗೆ ಮನೆ. ಅಮ್ಮ ಕ್ಯಾಂಪಲ್ಲೇ. ದಿನಾ ಸ್ಕೂಟರ್‌ನಲ್ಲಿ ಬಂದು ಹೋಗ್ತಾನೆ.

ಡೋಲ್ಮಾ_ಬೈಲಕುಪ್ಪೆ
ಅದೇ ಕೇಳಿದ್ದು. 2017ರಲ್ಲಿ ಪಾಸ್‌ಪೋರ್ಟ್ ಜೊತೆ ಷರತ್ತುಗಳೂ ಬಂದವು. ಆರ್‌ಸಿ ಮತ್ತು ಐಸಿ ವಾಪಸ್ ಕೊಡಬೇಕು, ಕ್ಯಾಂಪಿನ ಮನೆ ಬಿಡಬೇಕು, ಹಿಮಾಚಲದ ಧರ್ಮಶಾಲಾ ಊರಿನಲ್ಲಿರೋ ನಮ್ಮ ಟಿಬೆಟಿಯನ್ ಆಡಳಿತದಿಂದ ಬರೋ ಸೌಲಭ್ಯ ಬಿಡಬೇಕು. ಗಡಿಯಲ್ಲಿ ಬೇರೆಯಾದವರ ಕಥೆ ಎಲ್ಲರಿಗೂ ಗೊತ್ತು. ಒಂದೇ ಮನೆಯ ಅಣ್ಣ-ತಮ್ಮನನ್ನು ಹುಟ್ಟಿದ ತಾರೀಕು ಬೇರೆ ಮಾಡಿದ್ದು ಹೊರಗಿನವರಿಗೆ ಗೊತ್ತಾಗಲ್ಲ. ನಾನೂ 1987ರ ನಂತರದವಳು, ನನ್ನ ಅಕ್ಕ ಮುಂಚಿನವಳು. ಅಕ್ಕ ಅರ್ಜಿ ಹಾಕಲಿಲ್ಲ, ಅಮ್ಮನನ್ನು ಬಿಟ್ಟು ಹೋಗಬೇಕಾಗುತ್ತೆ ಅಂತ.

ಬಸವರಾಜ_ಗಂಗಾವತಿ
ಆರ್‌ಸಿ ಐಸಿ ಅಂದ್ರೇನ್ರಿ? ಗಾಡಿ ಆರ್‌ಸಿ ಬಿಟ್ರ ಬ್ಯಾರೆ ಆರ್‌ಸಿ ಗೊತ್ತಿಲ್ಲ ನಮಗ.

ಮುಂಡಗೋಡದವ
ನಾ ಹೇಳ್ತೇನ್ರಿ. ನಮ್ಮ ಮುಂಡಗೋಡ ಕ್ಯಾಂಪ್ 1966ರಾಗ ಆದದ್ದು, ನಾ ಹುಟ್ಟಿದಾಗಿಂದ ಅವ್ರ ಜೋಡಿನ ಬೆಳದೇನಿ. ಆರ್‌ಸಿ ಅಂದ್ರ ವಿದೇಶಿಯರ ನೋಂದಣಿ ಪುಸ್ತಕ. ಇಲ್ಲೇ ಹುಟ್ಟಿದ್ರೂ ವಿದೇಶಿ ಅಂತನ ಲೆಕ್ಕ. ಮೊದಲ ವರ್ಷಾ ವರ್ಷಾ ಪೊಲೀಸ್ ಕಚೇರಿಗೆ ಹೋಗಿ ನವೀಕರಿಸಬೇಕಿತ್ತು, ಈಗ ಬಹಳ ಮಂದಿಗೆ ಐದು ವರ್ಷಕ್ಕೊಮ್ಮೆ. ಐಸಿ ಅಂದ್ರ ಪಾಸ್‌ಪೋರ್ಟ್ ಬದಲಿಗೆ ಕೊಡೋ ಹಳದಿ ಪುಸ್ತಕ. ಭಾರತ ಸರ್ಕಾರನ ಕೊಡತದ, ಆದ್ರ ಅದನ್ನ ಹಿಡದ್ರ ನೀವು ಭಾರತೀಯ ಅಲ್ಲ. ಎಷ್ಟೋ ವಿಮಾನ ನಿಲ್ದಾಣದಾಗ ಕೌಂಟರಿನ್ಯಾಗ ಕುಂತಾವಗ ಅದೇನಂತನ ಗೊತ್ತಿರಂಗಿಲ್ಲ.

ನನ್ನ ಪಕ್ಕದ ಅಂಗಡಿ ಮಾಲೀಕನ ಮಾವ ಒಬ್ರು ಸಣ್ಣವರಿದ್ದಾಗ ಸ್ವಿಟ್ಜರ್ಲೆಂಡಿಗೆ ಹೋದವರು. 60ರ ದಶಕದಾಗ ಆ ದೇಶ ಒಂದು ಸಾವಿರ ಟಿಬೆಟಿಯನ್ನರಿಗೆ ಜಾಗ ಕೊಡ್ತೇವಿ ಅಂತು. ಅದಕ್ಕ ಹೊರತಾಗಿ ನೂರಕ್ಕೂ ಹೆಚ್ಚು ಕೂಸುಗಳನ್ನ ಅಲ್ಲಿನ ಕುಟುಂಬಗಳಿಗೆ ಸಾಕಲಿಕ್ಕೆ ಕೊಟ್ರು. ಅನಾಥ ಮಕ್ಕಳು ಅಂತ ಹೇಳಿ ತಗೊಂಡ್ರು, ಆದ್ರ ಬಹಳ ಮಂದಿಗೆ ಅಪ್ಪ-ಅವ್ವ ಇದ್ರು, ರೋಡ್ ಕೆಲಸ ಮಾಡ್ತಿದ್ರು. ಆ ಮನಷ್ಯಾ ಮುಂದ ಊರಿಗೆ ಬಂದಾಗ ಅವ್ವನ ಜೋಡಿ ಮಾತಾಡಲಿಕ್ಕೆ ನಡುವ ಒಬ್ಬರು ಬೇಕಾದ್ರಂತ. ಇಂವಗ ಜರ್ಮನ್, ಆಕಿಗೆ ಟಿಬೆಟಿ ಮತ್ತ ಅಲ್ಪಸ್ವಲ್ಪ ಕನ್ನಡ.

ತರ್ಲೆ_ತಿಮ್ಮ
ಗೋಲ್ಡನ್ ಟೆಂಪಲ್‌ಗೆ ಭಾನುವಾರ ಮಾತ್ರ ಹೋಗಬೇಡಿ ಯಾರೂ. ಪಾರ್ಕಿಂಗ್‌ಗೆ ಜಾಗ ಇರಲ್ಲ. ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ತುಕ್ಪ ಮಾಡ್ತಾರೆ, ಸ್ವರ್ಗ.

ನಿರ್ವಾಹಕ
ತಿಮ್ಮ, ಊಟದ ಎಳೆ ಬೇರೆ ಇದೆ.

ನ್ಯೂಜೆರ್ಸಿ_ನಾಗೇಶ
ರವಿಯವರೇ, ನಾನು ವಕೀಲ ಅಲ್ಲ, ಆದರೆ ಇಲ್ಲಿನ ವಲಸೆ ವಕೀಲರೊಬ್ಬರ ಆಫೀಸಿನಲ್ಲಿ ಕೆಲಸ ಮಾಡ್ತೀನಿ. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಭಾರತದ ಪಾಸ್‌ಪೋರ್ಟ್ ಬೇಕಾಗಿಲ್ಲ.

ಆಶ್ರಯ ಸಿಕ್ಕಿದವರು ಗಂಡ ಅಥವಾ ಹೆಂಡತಿ, ಮತ್ತೆ 21 ತುಂಬದ, ಮದುವೆಯಾಗದ ಮಕ್ಕಳನ್ನ ಕರೆಸಿಕೊಳ್ಳೋಕೆ ಐ-730 ಅಂತ ಒಂದು ಅರ್ಜಿ ಇದೆ. ಎರಡು ಮುಖ್ಯ ವಿಷಯ. ಆಶ್ರಯ ಸಿಕ್ಕ ದಿನದಿಂದ ಎರಡು ವರ್ಷದ ಒಳಗೆ ಹಾಕಬೇಕು. ಆಶ್ರಯ ಸಿಗೋ ಮುಂಚೆಯೇ ಮದುವೆ ಆಗಿರಬೇಕು. ಗಂಡನಿಗೆ ಒಂದು ಅರ್ಜಿ, ಮಗಳಿಗೆ ಬೇರೆ ಅರ್ಜಿ. ಒಂದರಲ್ಲೇ ಇಬ್ಬರ ಹೆಸರು ಬರೆದು ಕಳಿಸೋರನ್ನ ನೋಡಿದೀನಿ, ಆ ತಪ್ಪು ಮಾಡಬೇಡಿ. ಎರಡು ವರ್ಷ ದಾಟಿದರೆ ಗ್ರೀನ್ ಕಾರ್ಡ್ ಬಂದ ಮೇಲೆ ಬೇರೆ ದಾರಿ ಇದೆ, ಆದರೆ ಅದು ಸರದಿ ಸಾಲು.

ಅಪ್ಪ-ಅಮ್ಮನನ್ನ ಇದರಲ್ಲಿ ಕರೆಸೋಕೆ ಆಗಲ್ಲ. ಹೆಂಡತಿ ಅಮೆರಿಕದ ಪ್ರಜೆ ಆದ ಮೇಲಷ್ಟೇ.

ಶಿವು_ಪಿರಿಯಾಪಟ್ಟಣ
ಈಗಿನ ಅಧ್ಯಕ್ಷರು ಬಂದ ಮೇಲೆ ನಿರಾಶ್ರಿತರನ್ನ ತಗೊಳ್ಳೋದೇ ನಿಲ್ಲಿಸಿದಾರೆ ಅಂತ ಓದಿದ್ದೆ. ಸುಮ್ನೆ ಆಸೆ ಯಾಕೆ ಹುಟ್ಟಿಸ್ತೀರಿ?

ನ್ಯೂಜೆರ್ಸಿ_ನಾಗೇಶ
2025ರ ಜನವರಿಯಲ್ಲಿ ನಿಲ್ಲಿಸಿದ್ದು ಹೊರದೇಶದ ಶಿಬಿರಗಳಿಂದ ನಿರಾಶ್ರಿತರನ್ನ ಆರಿಸಿ ಕರೆತರೋ ಯೋಜನೆಯನ್ನ. ಈ ನೆಲಕ್ಕೆ ಬಂದು ಆಶ್ರಯ ಪಡೆದವರ ಕುಟುಂಬದ ಅರ್ಜಿ ಬೇರೆ ಬಾಬತ್ತು. ಆದರೆ ನಿಯಮಗಳು ಪದೇಪದೇ ಬದಲಾಗ್ತಿವೆ, ಅದಕ್ಕೇ ಅವರ ಹೆಂಡತಿ ಅಲ್ಲಿಯ ವಕೀಲರನ್ನ ಈ ವಾರವೇ ನೋಡಲಿ. ಉಚಿತವಾಗಿ ನೋಡಿಕೊಡೋರೂ ಇದಾರೆ.

ರವಿ_ಕೊಪ್ಪಗೇಟ್
ನಾಗೇಶ್ ಸರ್, ಒಂದು ತೊಂದರೆ. ಮದುವೆ ಕ್ಯಾಂಪಲ್ಲೇ ಆಯ್ತು, ನಾನೂ ಊಟ ಮಾಡಿ ಬಂದಿದೀನಿ. ಆದರೆ ರಿಜಿಸ್ಟರ್ ಮಾಡಿಸಿಲ್ಲ. ಈಗ ಮಾಡಿಸಬಹುದಾ?

ವಕೀಲೆ_ಮೈಸೂರು
ಇದನ್ನೇ ಮೊದಲು ಹೇಳಬೇಕಿತ್ತು ನೋಡಿ. ಹೆಂಡತಿ ಎದುರಿಗೆ ಇಲ್ಲದೆ ಈಗ ರಿಜಿಸ್ಟ್ರಾರ್ ಹತ್ತಿರ ಹೋದರೆ ಆಗಲ್ಲ. ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸ್, ಆಮೇಲೆ ಇಬ್ಬರೂ ಹಾಜರಿರಬೇಕು. ಹಳೆ ಸಾಕ್ಷಿ ಏನಿದೆ ಅಂತ ಹುಡುಕಿ. ಮಗಳ ಜನನ ಪತ್ರದಲ್ಲಿ ಇಬ್ಬರ ಹೆಸರೂ ಇದೆಯಾ?

ರವಿ_ಕೊಪ್ಪಗೇಟ್
ಇದೆ. ಆದರೆ ಅಮ್ಮನ ಹೆಸರಿನ ಸ್ಪೆಲಿಂಗ್ ಆರ್‌ಸಿಲಿ ಒಂಥರ, ಇದರಲ್ಲಿ ಇನ್ನೊಂಥರ.

ಮುಂಡಗೋಡದವ
ಇದು ಎಲ್ಲಾರ ಮನ್ಯಾಗೂ ಇರೋ ಕಥಿ. ಅವ್ರಲ್ಲಿ ಮನೆತನದ ಹೆಸರು ಅಂತ ಬಹಳ ಮಂದಿಗೆ ಇರಂಗಿಲ್ಲ. ಅಣ್ಣ, ತಮ್ಮ, ಅಪ್ಪ ಮೂವರದೂ ಬ್ಯಾರೆ ಬ್ಯಾರೆ ಹೆಸರು. ಅಧಿಕಾರಿ "ನಿಮ್ಮಪ್ಪ ಇವರಂತ ಹೆಂಗ ನಂಬಲಿ" ಅಂತಾನ. ಅದ್ರಾಗ ಹುಟ್ಟಿದ ತಾರೀಕು. ಬೆಟ್ಟ ದಾಟಿ ಬಂದ ಕೂಸಿಗೆ ತಾರೀಕು ಯಾರಿಗೆ ಗೊತ್ತು? ಶಾಲ್ಯಾಗ ಅಂದಾಜಿನ ಮ್ಯಾಲೆ ಬರಕೊಂಡಿರ್ತಾರ.

ಸುಳ್ಯದ_ಕೃಷಿಕ
ಇದನ್ನು ಓದುವಾಗ ನಮ್ಮ ಸುಳ್ಯ-ಪುತ್ತೂರು ಕಡೆಯ ರಬ್ಬರ್ ತೋಟದವರ ನೆನಪಾಯಿತು ಮಾರಾಯ್ರೆ. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರೂ ಸಿಲೋನಿನ (ಈಗಿನ ಶ್ರೀಲಂಕಾ) ಪ್ರಧಾನಿ ಸಿರಿಮಾವೋ ಅವರೂ ಒಂದು ಒಪ್ಪಂದ ಮಾಡಿದರು. ಸಿಲೋನಿನ ಚಹಾ ತೋಟದಲ್ಲಿ ತಲೆತಲಾಂತರದಿಂದ ದುಡಿಯುತ್ತಿದ್ದ ತಮಿಳರಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲಿಗೇ, ಉಳಿದ ಒಂದೂವರೆ ಲಕ್ಷದ ಲೆಕ್ಕ ಆಮೇಲೆ ಅಂತ. 1974ರಲ್ಲಿ ಇಂದಿರಾ ಗಾಂಧಿಯವರ ಕಾಲಕ್ಕೆ ಅದನ್ನೂ ಅರ್ಧ ಅರ್ಧ ಹಂಚಿಕೊಂಡರು. ಅಡಿಕೆ ರಾಶಿ ಪಾಲು ಮಾಡಿದ ಹಾಗೆ ಮನುಷ್ಯರನ್ನು ಪಾಲು ಮಾಡಿದ್ದು.

ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಒಬ್ಬರು ಅಮ್ಮ ಹೇಳುತ್ತಿದ್ದರು: ಅವರಿಗೂ ಗಂಡನಿಗೂ ಭಾರತದ ಕಾಗದ ಬಂತು, ಅವರ ತಂಗಿಗೆ ಅಲ್ಲಿಯದು. ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರಕ್ಕೆ ಇಳಿದವರು, ಅಲ್ಲಿಂದ ಎಲ್ಲೆಲ್ಲೋ ಸುತ್ತಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ಕೆಲಸಕ್ಕೆ ನಮ್ಮಲ್ಲಿಗೆ. ಲಂಕೆಯಲ್ಲಿ ಯುದ್ಧ ಶುರುವಾದ ಮೇಲೆ ಆ ಹಡಗೂ ನಿಂತಿತು. ತಂಗಿಯ ಕಾಗದ ಬರುವುದೂ ನಿಂತಿತು.

ಕಾನೂನು_ಕಣ್ಣು
ಸಣ್ಣ ತಿದ್ದುಪಡಿ. ಸುಳ್ಯದವರು ನಿರಾಶ್ರಿತರಲ್ಲ, ಒಪ್ಪಂದದ ಪ್ರಕಾರ ಭಾರತದ ಪ್ರಜೆಗಳಾಗಿ ವಾಪಸ್ ಬಂದವರು. ಶ್ರೀಲಂಕಾದ 1983ರ ಗಲಭೆ ನಂತರ ತಮಿಳುನಾಡಿನ ಶಿಬಿರಗಳಿಗೆ ಬಂದವರು ನಿರಾಶ್ರಿತರು. ಎರಡನ್ನೂ ಕಲಸಬೇಡಿ.

ಸುಳ್ಯದ_ಕೃಷಿಕ
ಆಯಿತು ಮಾರಾಯ್ರೆ, ಅವರು ನಿರಾಶ್ರಿತರು ಅಂತ ನಾನು ಎಲ್ಲಿ ಬರೆದಿದ್ದೇನೆ? ಅಕ್ಕ-ತಂಗಿ ಬೇರೆಯಾದದ್ದು ಬರೆದದ್ದು.

ಬಸವರಾಜ_ಗಂಗಾವತಿ
ನಮ್ಮ ಕಡೆ ಸಿಂಧನೂರಾಗೂ ಅದಾರ. ಬಂಗಾಳಿಗಳು, ಪೂರ್ವ ಪಾಕಿಸ್ತಾನದಿಂದ ಬಂದವರು. ಆರ್.ಎಚ್. ಕ್ಯಾಂಪ್ ಅಂತೀವಿ. ತುಂಗಭದ್ರಾ ಕಾಲುವಿ ನೀರಾಗ ಭತ್ತ ಬೆಳಿತಾರ. ಅವರಿಗೆ ಸಿಎಎ ಬಂದೈತಿ. ಟಿಬೆಟ್‌ನವರಿಗೂ ಅದ್ರಾಗ ಸಿಗಂಗಿಲ್ಲೇನು? ಬೌದ್ಧರು ಅಂತ ಐತಲ್ಲ.

ವಕೀಲೆ_ಮೈಸೂರು
ಬೌದ್ಧರು ಅಂತ ಇದೆ, ಆದರೆ ದೇಶಗಳು ಮೂರೇ: ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ. ಚೀನಾ ಇಲ್ಲ, ಶ್ರೀಲಂಕಾ ಇಲ್ಲ. ಅದೂ 2014ರ ಡಿಸೆಂಬರ್ 31ರ ಒಳಗೆ ಬಂದವರಿಗೆ. ಇನ್ನೊಂದು, ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಇಲ್ಲಿ ನಿರಾಶ್ರಿತರಿಗೆ ಅಂತಲೇ ಒಂದು ಕಾನೂನಿಲ್ಲ. ಒಂದೊಂದು ಗುಂಪಿಗೆ ಒಂದೊಂದು ಸುತ್ತೋಲೆ.

ಕಾನೂನು_ಕಣ್ಣು
ಸಹಿ ಹಾಕಿದ್ದರೂ ಕುಟುಂಬ ಒಂದಾಗೋ ಹಕ್ಕು ಆ ಒಪ್ಪಂದದ ಕಲಮುಗಳಲ್ಲಿ ಇಲ್ಲ. ಜೊತೆಗೆ ಅಂಗೀಕರಿಸಿದ ಅಂತಿಮ ದಾಖಲೆಯಲ್ಲಿ ಶಿಫಾರಸು ಅಂತ ಇದೆ, ಅಷ್ಟೇ.

ಟೊರೊಂಟೊ_ಕನ್ನಡತಿ
ನಮ್ಮಲ್ಲಿ ಪಾರ್ಕ್‌ಡೇಲ್ ಅಂತ ಒಂದು ಬಡಾವಣೆ ಇದೆ, ಟಿಬೆಟಿಯನ್ನರೇ ತುಂಬಿದಾರೆ. ಬಸ್ಸಿಗೆ ಕಾಯುವಾಗ ಹಿಂದಿನಿಂದ "ಏನಮ್ಮಾ, ಊಟ ಆಯ್ತಾ" ಅಂತ ಅಪ್ಪಟ ಮೈಸೂರು ಕನ್ನಡ ಕೇಳಿ ತಿರುಗಿದರೆ ಚುಬಾ (ಟಿಬೆಟಿಯನ್ನರ ಉದ್ದನೆ ಉಡುಪು) ಉಟ್ಟ ಹೆಂಗಸು! ನನ್ನ ಕೈಲಿದ್ದ ಮೈಸೂರಿನ ಬಟ್ಟೆ ಅಂಗಡಿ ಚೀಲ ನೋಡಿ ಮಾತಾಡಿಸಿದ್ದು. ಹುಣಸೂರಿನ ಹತ್ತಿರದ ಕ್ಯಾಂಪಿನವರು. ಈಗ ನನ್ನ ಸ್ನೇಹಿತೆ.

ಅವರ ಕಥೆ ಕೇಳಿ. ಕೆನಡಾ ಪಾಸ್‌ಪೋರ್ಟ್ ಬಂದ ಮೇಲೆ ತಾಯಿಯನ್ನ ನೋಡೋಕೆ ಬೈಲಕುಪ್ಪೆಗೆ ಹೊರಟರು (ತಾಯಿ ಈಗ ಅಲ್ಲಿ ಮಗನ ಮನೇಲಿದಾರೆ). ವಿದೇಶಿ ಪಾಸ್‌ಪೋರ್ಟ್ ಇದ್ದವರು ಕ್ಯಾಂಪಲ್ಲಿ ರಾತ್ರಿ ಉಳಿಯೋಕೆ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು, ಪಿಎಪಿ ಅಂತಾರೆ. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾದರೂ ಬರಲಿಲ್ಲ, ಟಿಕೆಟ್ ದಿನ ಬಂತು. ಕೊನೆಗೆ ಹಗಲೆಲ್ಲಾ ಅಮ್ಮನ ಹತ್ತಿರ, ಸಂಜೆಯಾದರೆ ಆಟೋ ಹತ್ತಿ ಕಾವೇರಿ ಸೇತುವೆ ದಾಟಿ ಕುಶಾಲನಗರದ ಲಾಡ್ಜ್‌ಗೆ. ಅಮ್ಮನಿಗೆ ಮರೆವಿನ ಕಾಯಿಲೆ. ದಿನಾ ಸಂಜೆ "ಊಟ ಮಾಡಿ ಮಲಗು, ಎಲ್ಲಿಗೆ ಹೋಗ್ತೀಯಾ" ಅಂತ ಕೈ ಹಿಡಿದುಕೊಳ್ತಿದ್ದರಂತೆ.

ಶಿವು_ಪಿರಿಯಾಪಟ್ಟಣ
ಇದು ನನಗೆ ಗೊತ್ತಿರಲಿಲ್ಲ. ಅಲ್ಲೇ ಹುಟ್ಟಿ ಬೆಳೆದವರಿಗೂ ಪರ್ಮಿಟ್ಟಾ?

ಟೊರೊಂಟೊ_ಕನ್ನಡತಿ
ಹೌದು. ಪಾಸ್‌ಪೋರ್ಟ್ ಬಣ್ಣ ನೋಡ್ತಾರೆ, ಹುಟ್ಟಿದ ಊರು ನೋಡಲ್ಲ.

ಶಿವು_ಪಿರಿಯಾಪಟ್ಟಣ
ಜಮೀನಿನ ವಿಷಯದಲ್ಲಿ ನನ್ನ ಮಾತು ನನ್ನದೇ. ಆದರೆ ತಾಯಿ ಮನೇಲಿ ಮಲಗೋಕೆ ಪರ್ಮಿಟ್ ಕೇಳೋದು ಯಾವ ನ್ಯಾಯಾನೂ ಅಲ್ಲ.

ಜಿಮ್_ಬಾಯ್_ಹಾಸನ
ಹೆಂಡತಿಯ ಅಪ್ಪ-ಅಮ್ಮ ಟಿಬೆಟ್‌ನಲ್ಲಿ ಇದಾರಲ್ಲ, ವಿಡಿಯೋ ಕಾಲ್ ಮಾಡಬಹುದಲ್ವಾ? ಈಗ ಎಲ್ಲಾ ಸುಲಭ.

ಡೋಲ್ಮಾ_ಬೈಲಕುಪ್ಪೆ
ಸುಲಭ ಇತ್ತು, ಸ್ವಲ್ಪ ಕಾಲ. ಅಲ್ಲಿ ವಾಟ್ಸಾಪ್ ನಡೆಯಲ್ಲ, ವಿಚಾಟ್ ಒಂದೇ. ಓದೋಕೆ ಬಾರದ ಅಮ್ಮಂದಿರೂ ಗುಂಡಿ ಒತ್ತಿ ಮಾತು ಕಳಿಸ್ತಿದ್ದರು. 2020ರ ಜೂನ್ ಕೊನೆಯಲ್ಲಿ ಗಲ್ವಾನ್ ಗಲಾಟೆ ಆದ ಮೇಲೆ ಭಾರತ 59 ಚೀನೀ ಆ್ಯಪ್ ನಿಷೇಧಿಸಿತಲ್ಲ, ಅದರಲ್ಲಿ ವಿಚಾಟ್ ಕೂಡ ಹೋಯ್ತು. ಟಿಕ್‌ಟಾಕ್ ಹೋಯ್ತು ಅಂತ ಊರೆಲ್ಲಾ ಮಾತಾಡಿದರು, ನಮ್ಮ ಕ್ಯಾಂಪಲ್ಲಿ ಇದರ ಮಾತು. ನಿಷೇಧ ತಪ್ಪು ಅಂತ ಹೇಳ್ತಿಲ್ಲ, ಆ ಆ್ಯಪ್‌ನಲ್ಲಿ ಚೀನಾದವರು ಎಲ್ಲಾ ಕೇಳಿಸಿಕೊಳ್ತಾರೆ ಅಂತ ನಮಗೂ ಗೊತ್ತು. ಅದಕ್ಕೇ ಹವಾಮಾನ, ಯಾಕ್, ಬಾರ್ಲಿ ಬಿಟ್ಟು ಬೇರೆ ಮಾತಾಡ್ತಿರಲಿಲ್ಲ. ಹೊರಗಿನವರ ಜೊತೆ ಮಾತಾಡಿದರು ಅಂತ ಅಲ್ಲಿನವರನ್ನು ಪೊಲೀಸರು ಕರೆಸಿ ಕೇಳಿದ್ದೂ ಇದೆ.

ಹೋಗಿ ನೋಡೋದಂತೂ ಬಿಡಿ. ಮುಂಚೆ ವರ್ಷಕ್ಕೆ ಎರಡು-ಮೂರು ಸಾವಿರ ಜನ ನೇಪಾಳದ ಮೂಲಕ ಬರ್ತಿದ್ದರು. 2006ರಲ್ಲಿ ನಂಗ್ಪಾ ಲಾ ಕಣಿವೆಯಲ್ಲಿ ದಾಟುತ್ತಿದ್ದವರ ಮೇಲೆ ಚೀನಾದ ಗಡಿ ಕಾವಲಿನವರು ಗುಂಡು ಹಾರಿಸಿದರು, 17 ವರ್ಷದ ಒಬ್ಬ ಭಿಕ್ಷುಣಿ ಸತ್ತರು. ಪರ್ವತಾರೋಹಿಗಳ ಕ್ಯಾಮೆರಾದಲ್ಲಿ ಸೆರೆಯಾಗಿದ್ದರಿಂದ ಜಗತ್ತಿಗೆ ಗೊತ್ತಾಯ್ತು. 2008ರ ಪ್ರತಿಭಟನೆ ಆದ ಮೇಲೆ ಗಡಿ ಪೂರಾ ಬಿಗಿ. ಈಗ ಬರೋರು ಬೆರಳೆಣಿಕೆ. 2012ರಿಂದ ಅಲ್ಲಿನ ಟಿಬೆಟಿಯನ್ನರ ಪಾಸ್‌ಪೋರ್ಟೂ ವಾಪಸ್ ತಗೊಂಡಿದಾರೆ. ಅಪ್ಪ ಅಥವಾ ಅಮ್ಮ ತೀರಿಕೊಂಡ ಸುದ್ದಿ ತಿಂಗಳಾದ ಮೇಲೆ ಬರುತ್ತೆ. ನಮ್ಮಲ್ಲಿ 49 ದಿನ ಪ್ರಾರ್ಥನೆ ಇರುತ್ತೆ, ಎಷ್ಟೋ ಸಲ ಸುದ್ದಿ ಬರೋಷ್ಟರಲ್ಲಿ ಅದೇ ಮುಗಿದಿರುತ್ತೆ.

ಜಿಮ್_ಬಾಯ್_ಹಾಸನ
😔

ರವಿ_ಕೊಪ್ಪಗೇಟ್
ಡೋಲ್ಮಾ ಅವರೇ, ಥ್ಯಾಂಕ್ಸ್. ನಾಗೇಶ್ ಸರ್, ಈ ಎಳೆ ಪೂರ್ತಿ ಟೆನ್ಜಿನ್‌ಗೆ ಓದಿ ಹೇಳಿದೆ. ಅವನು ಕೇಳ್ತಿರೋದು: ಅರ್ಜಿ ಹಾಕಿ ಕಾಯೋ ಹೊತ್ತಲ್ಲಿ ಹೆಂಡತಿ ಒಂದ್ಸಲ ಇಲ್ಲಿಗೆ ಬಂದು ಮಗಳನ್ನ ನೋಡಿ ಹೋಗಬಹುದಾ?

ನ್ಯೂಜೆರ್ಸಿ_ನಾಗೇಶ
ಆಶ್ರಯ ಪಡೆದವರಿಗೆ ಅಮೆರಿಕ ಪ್ರಯಾಣ ದಾಖಲೆ ಕೊಡುತ್ತೆ. ಅದರ ಮೇಲೆ ಭಾರತದ ವೀಸಾ ಸಿಗಬೇಕು, ಕ್ಯಾಂಪಲ್ಲಿ ಉಳಿಯೋಕೆ ಟೊರೊಂಟೊದವರು ಹೇಳಿದ ಪರವಾನಗಿ ಬೇರೆ. ಆದರೆ ಇದರಲ್ಲಿ ಒಂದು ಸೂಕ್ಷ್ಮ ಇದೆ. ಬೇರೆ ದೇಶದಲ್ಲಿ ನೆಲೆ ಸಿಕ್ಕಿದವರಿಗೆ ಅಮೆರಿಕ ಆಶ್ರಯ ಕೊಡಲ್ಲ. ಹಾಗಾಗಿ "ನನಗೆ ಭಾರತದಲ್ಲಿ ಪೂರ್ಣ ನೆಲೆ ಇಲ್ಲ" ಅಂತ ತೋರಿಸಿಯೇ ಟಿಬೆಟಿಯನ್ನರು ಕೇಸ್ ಗೆಲ್ಲೋದು. ಈಗ ಭಾರತಕ್ಕೆ ಬಂದು ತಿಂಗಳುಗಟ್ಟಲೆ ಇದ್ದರೆ ಮುಂದೆ ಯಾರಾದರೂ ಪ್ರಶ್ನೆ ಎತ್ತಬಹುದು. ವಕೀಲರನ್ನ ಕೇಳದೆ ಟಿಕೆಟ್ ಮಾಡಿಸಬೇಡಿ.

ಮುಂಡಗೋಡದವ
ಟೆನ್ಜಿನ್ ಅವರದ್ದು, ಮಗಳದ್ದು ಐಸಿ ಈಗಲೇ ಮಾಡಿಸಿ ಇಟ್ಟಬಿಡ್ರಿ. ವೀಸಾ ಬಂದ ಮ್ಯಾಲೆ ಐಸಿಗೆ ಓಡಾಡಿ ವರ್ಷ ಕಳಕೊಂಡವರನ್ನ ನೋಡೇನಿ. ದೇಶ ಬಿಡೂ ಮುಂದ ನಿರ್ಗಮನ ಪರವಾನಗಿನೂ ಬೇಕು, ಎಸ್‌ಪಿ ಕಚೇರಿ ವಿದೇಶಿ ವಿಭಾಗದಾಗ ಮೊದಲ ವಿಚಾರಸ್ರಿ. ಆರ್‌ಸಿ ಅವಧಿ ಮುಗಿದಿದ್ರ ಎಲ್ಲಾ ಅಲ್ಲೇ ನಿಲ್ತದ.

ರವಿ_ಕೊಪ್ಪಗೇಟ್
ಆರ್‌ಸಿ ಸರಿ ಇದೆ ಅಂತೆ. ಮದುವೆ ಫೋಟೊ ಒಂದು ಡಬ್ಬಿ ತುಂಬಾ ಇದಾವೆ, ಒಂದರಲ್ಲಿ ನಾನೂ ಇದೀನಿ, ಕೂದಲು ಜಾಸ್ತಿ ಇದ್ದಾಗಿಂದು. ಅದೆಲ್ಲಾ ನಡೆಯುತ್ತಾ?

ನ್ಯೂಜೆರ್ಸಿ_ನಾಗೇಶ
ನಡೆಯುತ್ತೆ. ಮದುವೆಗೆ ಬಂದಿದ್ದ ಹಿರಿಯರಿಬ್ಬರಿಂದ ಪ್ರಮಾಣ ಪತ್ರ, ಕ್ಯಾಂಪ್ ಆಫೀಸಿನ ಪತ್ರ, ಮಗಳ ಶಾಲೆ ದಾಖಲೆ, ಹೆಂಡತಿ ಅಲ್ಲಿಂದ ದುಡ್ಡು ಕಳಿಸಿದ ಬ್ಯಾಂಕ್ ಚೀಟಿ, ಎಲ್ಲಾ ಸೇರಿಸಿ. ಹೆಸರಿನ ಸ್ಪೆಲಿಂಗ್ ಬಗ್ಗೆ "ಇಬ್ಬರೂ ಒಬ್ಬರೇ" ಅಂತ ಪ್ರಮಾಣ ಪತ್ರ ವಕೀಲೆ ಮೇಡಂ ಮಾಡಿಸಿಕೊಡಬಹುದು. ಮುಖ್ಯವಾಗಿ, ಆಶ್ರಯದ ಅರ್ಜಿಯಲ್ಲಿ ಹೆಂಡತಿ ಮದುವೆ ತಾರೀಕು ಏನು ಬರೆದಿದಾರೆ ಕೇಳಿ, ನಿಮ್ಮ ಕಾಗದದಲ್ಲೂ ಅದೇ ಇರಬೇಕು.

ವಕೀಲೆ_ಮೈಸೂರು
ಮಾಡಿಸಿಕೊಡ್ತೀನಿ. ಸೋಮವಾರ ಬರಲಿ, ಫೀಸು ಬೇಡ, ಸ್ಟಾಂಪ್ ಪೇಪರ್ ಖರ್ಚು ಮಾತ್ರ. ಮಗಳ ಜನನ ಪತ್ರದ ಮೂಲ ಪ್ರತಿ ತರಲಿ, ಜೆರಾಕ್ಸ್ ಅಲ್ಲ.

ತರ್ಲೆ_ತಿಮ್ಮ
ಬರುವಾಗ ತುಕ್ಪ ಪಾರ್ಸೆಲ್ ತರೋಕೆ ಹೇಳಿ ಮೇಡಂ.

ನ್ಯೂಜೆರ್ಸಿ_ನಾಗೇಶ
ಇನ್ನೊಂದು, ಫೋಟೊ ಹಿಂದೆ ಈಗ ಹೊಸದಾಗಿ ಪೆನ್ನಲ್ಲಿ ತಾರೀಕು ಬರೆಯೋಕೆ ಹೋಗಬೇಡಿ. ಇದ್ದ ಹಾಗೇ ಸ್ಕ್ಯಾನ್ ಮಾಡಿ ಕಳಿಸಿ.